ಸ ಬರುವುದಿಲ್ಲ

ಹೆಸರೇನು ಎಂದರು.
ಸುಗಂಧಿ ಎಂದೆ. ಸ ಎಂಬಲ್ಲಿ ಗಾಳಿ ಸೋರಿತು,
ಕುಕ್ಕರಿನ ಹಾಗೆ, ಸೀಟಿಗೆ ಸ್ವಲ್ಪ ಮೊದಲು.
ಮ್ಯಾನೇಜರು ಪೆನ್ನು ಇಟ್ಟರು.
ಅವರು ನೋಡಿದ್ದು ನನ್ನ ಮುಖವನ್ನಲ್ಲ,
ಮುಖದಲ್ಲಿ ಇಲ್ಲದ ನಾಲ್ಕನ್ನು.

ಹಂಪನಕಟ್ಟೆಯ ಆ ಅಂಗಡಿಗೆ ಮೂರು ಮಾಳಿಗೆ.
ಲಿಫ್ಟು ಉಂಟು, ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿ ಉಂಟು.
ಸೀರೆ ಸೆಕ್ಷನಿಗೆ ಹೆಂಗಸರು ಬೇಕು ಎಂದು
ಸಿಟಿ ಬಸ್ಸಿನ ಬೆನ್ನಿಗೆ ಅಂಟಿಸಿದ್ದರು.
ಬೇಕಾದ ಮಾತಿನಲ್ಲೆಲ್ಲ ಸ: ಸೀರೆ, ಸೆರಗು, ಸೈಜು, ಸಾರ್, ಸಂಬಳ.
ಮನೆಯಿಂದ ಬರುವಾಗ ದಾರಿಯುದ್ದಕ್ಕೂ
ಸ ಇಲ್ಲದ ಮಾತು ಹುಡುಕಿಕೊಂಡು ಬಂದಿದ್ದೆ:
ನನಗೆ ಬಟ್ಟೆಯ ಗುಣ ಗೊತ್ತು, ಬೆಲೆ ಓದಲು ಬರುತ್ತದೆ,
ಎಂಟನೇ ಕ್ಲಾ—
ಅಲ್ಲಿಗೆ ನಿಂತಿತು.

ಹಲ್ಲು ಎಂದು ಯಾರೂ ಹೇಳಲಿಲ್ಲ.
"ಕಸ್ಟಮರ್ ಬರುವ ಜಾಗ ಅಲ್ವಾ ಅಮ್ಮ" ಎಂದರು.
"ಹಿಂದೆ ಗೋಡೌನಿನಲ್ಲಿ ಎಂತಾದರೂ ಇದ್ದರೆ ಫೋನ್ ಮಾಡ್ತೇವೆ."
ಬಹಳ ಮರ್ಯಾದೆಯ ಜನ. ನೀರು ಕೊಟ್ಟು ಕಳಿಸಿದರು.

ಬೀಡಿಗೆ ಹಲ್ಲು ಬೇಡ.
ಇಪ್ಪತ್ತೆರಡು ವರ್ಷ ತಡಪೆ ಮಡಿಲಲ್ಲಿಟ್ಟು ತಲೆ ತಗ್ಗಿಸಿ ಕೂತವಳು.
ಬ್ರಾಂಚಿನವ ಕೂಡ ಕಟ್ಟು ನೋಡುತ್ತಿದ್ದ, ಕಟ್ಟಿದವಳನ್ನಲ್ಲ.
ಎಲೆ ಸಿಗುವುದು ವಾರಕ್ಕೆ ಎರಡು ದಿನವಾಯಿತು, ಆಮೇಲೆ ಒಂದು.
ಅಷ್ಟರಲ್ಲಿ ನನ್ನೊಳಗೆ ಸಕ್ಕರೆ ಸೇರಿಕೊಂಡಿತ್ತು,
ರೇಷನ್ನಿನಲ್ಲಿ ಸಿಗದ ಸಕ್ಕರೆ,
ರಕ್ತದಲ್ಲಿ ಮುನ್ನೂರ ಹತ್ತು.
ಒಸಡು ಮೆತ್ತಗಾಯಿತು. ಹಲ್ಲು ಒಂದೊಂದೇ
ಬಾಡಿಗೆ ಮನೆ ಬಿಡುವವರ ಹಾಗೆ
ಗಲಾಟೆ ಇಲ್ಲದೆ ಹೋದವು.
ಕೊನೆಯದು ಒಂದು ಬೆಳಿಗ್ಗೆ ನೀರುದೋಸೆಯಲ್ಲಿ ಸಿಕ್ಕಿತು.
ನೀರುದೋಸೆಯಲ್ಲಿ, ಮಾರಾಯ್ರೆ!
ಚಕ್ಕುಲಿಯಾಗಿದ್ದರೆ ಅದಕ್ಕೊಂದು ಮರ್ಯಾದೆ ಇರುತ್ತಿತ್ತು.

ಸ್ಟೇಟ್ ಬ್ಯಾಂಕಿನ ಬಸ್ ನಿಲ್ದಾಣದಲ್ಲಿ
ಬಿಳಿ ಕೋಟಿನ ಹುಡುಗಿ ಅಡ್ಡ ಬಂದಳು,
ಕೊಟ್ಟಾಯಂ ಕಡೆಯವಳು, ಅಲೀನಾ.
"ಆಂಟಿ, ಪ್ಲೀಸ್, ನಂಗೆ ಪರೀಕ್ಷೆಗೆ ಒಂದು ಕೇಸ್ ಬೇಕು."
ನನ್ನ ಬಾಯಿ ನೋಡಿ ಅವಳ ಕಣ್ಣು ಹೊಳೆಯಿತು.
ಇಲ್ಲದ್ದರ ಲೆಕ್ಕದಲ್ಲಿ
ಒಬ್ಬರಿಗೆ ನಾನು ಬೇಕಾದದ್ದು ಅದೇ ಮೊದಲು.

ಹಲ್ಲು ಫ್ರೀ. ಬಸ್ಸಿನ ದುಡ್ಡು ಅವಳದೇ ಪರ್ಸಿನಿಂದ.
ಆದರೆ ಆರು ಸಲ ಬರಬೇಕು, ಮಧ್ಯಾಹ್ನದವರೆಗೆ ಕೂರಬೇಕು,
ದೊಡ್ಡ ಡಾಕ್ಟರು ಬಂದು ಕತ್ತು ಆಡಿಸಬೇಕು.
ಸಕ್ಕರೆ ಇಳಿಯದೆ ಉಳಿದ ಬೇರು ಕೀಳುವಂತಿಲ್ಲ.
ಇಳಿಯಲು ಮಾತ್ರೆ, ಮಾತ್ರೆಗೆ ಸರಕಾರಿ ಆಸ್ಪತ್ರೆಯ ಕ್ಯೂ,
ಕ್ಯೂ ಸೋಮವಾರ.
ಸೋಮವಾರವೇ ಗೋಡೌನಿನಿಂದ ಫೋನು:
ಈಗಲೇ ಬರಬೇಕು, ನಾಳೆಯಾದರೆ ಬೇರೆಯವರು.

ನನ್ನ ಮುಂದೆ ಹದಿನೇಳು ಜನ.
ಹತ್ತಿರ ನಿಂತ ಅವ್ವಮ್ಮನ ಕೈ ತುಂಬ ಹುಣ್ಣು,
ಹತ್ತು ವರ್ಷ ಮೀನಿನ ಐಸಿನಲ್ಲಿ ಅದ್ದಿದ ಕೈ.
ಹುಣ್ಣು ವಾಸಿಯಾಯಿತೆಂಬ ಕಾಗದ ತಂದರೆ
ಮತ್ತೆ ಐಸಿಗೆ ಸೇರಿಸಿಕೊಳ್ಳುತ್ತಾರಂತೆ.
ಚೀಟಿ ಹಿಡಿದು ಒಮ್ಮೆ ಬಾಗಿಲು ನೋಡಿದೆ, ಒಮ್ಮೆ ರಸ್ತೆ.
ಹೇಗೆ ಆರಿಸಿದೆ ಎಂದು ನಾನು ಹೇಳುವುದಿಲ್ಲ.
ಯಾವ ಕಡೆ ಹೋದರೂ ನೀವು
ಇನ್ನೊಂದು ಕಡೆ ಹೋಗಬಹುದಿತ್ತಲ್ಲ ಎನ್ನುತ್ತೀರಿ.

ಅಲೀನಾ ಪಾಸಾದಳು. ಮಿಠಾಯಿಯ ಪೆಟ್ಟಿಗೆ ತಂದಳು,
ತಂದ ಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡಳು.
ನನ್ನ ಬಾಯಿಗೆ ಎಷ್ಟು ಮಾರ್ಕು ಎಂದು ಕೇಳಿದೆ.
ನೂರಕ್ಕೆ ಎಪ್ಪತ್ತೊಂದು.
ಶಾಲೆಯಲ್ಲಿ ನನಗೆ ಯಾವತ್ತೂ ಅಷ್ಟು ಬಂದದ್ದಿಲ್ಲ.

ರಾತ್ರಿ ಹಲ್ಲನ್ನು ಸ್ಟೀಲ್ ಲೋಟದ ನೀರಿನಲ್ಲಿ ಇಡುತ್ತೇನೆ.
ಬೆಳಿಗ್ಗೆ ಹಾಕಿ, ಕನ್ನಡಿಯ ಎದುರು,
ಸೀರೆ, ಸೆರಗು, ಸೈಜು, ಸಾರ್.
ಎಲ್ಲ ಬರುತ್ತದೆ.
ಬಸ್ಸಿನ ಬೆನ್ನಿನ ಕಾಗದಕ್ಕೆ ಈಗ
ಪ್ರಾಯ ಮೂವತ್ತೈದರ ಒಳಗೆ ಎಂದು ಸೇರಿಸಿದ್ದಾರೆ.
ನನಗೆ ನಲವತ್ತೊಂದು.
ಆದರೂ ಹೋಗುತ್ತೇನೆ.
ಅವರು ಪೆನ್ನು ಇಡುವ ಮೊದಲು
ಹೆಸರನ್ನಾದರೂ ಒಮ್ಮೆ ಪೂರಾ ಹೇಳಿ ಬರಬೇಕು.