ನಾಲ್ಕು ಮಿಲಿಮೀಟರ್

ಐದೂವರೆಯ ಬಸ್ಸು. ಚಕಾವೊ ಜಲಸಂಧಿಯ ಮೇಲೆ ಇನ್ನೂ ಕತ್ತಲು,
ಬಸ್ಸೇ ಹಡಗು ಹತ್ತಿ ನಿಂತಿದೆ.
ಯಾಸ್ನಾಗೆ ಸಾಲ್ಮನ್ ಕಾರ್ಖಾನೆಯವರು ರಜೆ ಕೊಡಲಿಲ್ಲ.
ಹಾಗಾಗಿ ಈ ಸಲ ನಾನು, ಸುಯಾಯ್, ಮತ್ತು ಈ ಚೀಲ:
ಡೈಪರು ಏಳು, ಬಿಸ್ಕತ್ತು, ಹಾಲಿನ ಬಾಟಲಿ ಎರಡು,
ಒಂದು ಕಿವಿ ಕಿತ್ತುಹೋದ ಉಣ್ಣೆಯ ಮೊಲ
(ಅದನ್ನು ಮರೆತರೆ ನೀನೂ ವಾಪಸ್ ಬರಬೇಡ, ಅಂದಿದ್ದಳು),
ಹಸಿರು ಫೈಲು. ಇಪ್ಪತ್ತೆರಡು ತಿಂಗಳಿಗೆ
ಇಷ್ಟೊಂದು ಕಾಗದ! ನನ್ನ ಮೂವತ್ನಾಲ್ಕು ವರ್ಷಕ್ಕೆ
ದೋಣಿಯ ಪರವಾನಗಿ ಬಿಟ್ಟರೆ ಬೇರೇನಿದೆ.

ಎಂಟಕ್ಕೆ ಬನ್ನಿ ಅಂದಿದ್ದರು.
ಎಂಟಕ್ಕೆ ಬನ್ನಿ ಅಂತ ಎಲ್ಲರಿಗೂ ಅಂದಿದ್ದರು.
ತೂಕ: ಒಂಬತ್ತು ಕಿಲೋ ಎಂಟುನೂರು.
ಉದ್ದ ಅಳೆಯುವ ಹಲಗೆಯ ಮೇಲೆ ಹಾವುಮೀನಿನಂತೆ ಒದ್ದಾಡಿದಳು,
ಬರೆದುಕೊಂಡದ್ದು ಎಪ್ಪತ್ತೊಂಬತ್ತೋ ಎಂಬತ್ತೋ, ದೇವರಿಗೇ ಗೊತ್ತು.
ಬೆರಳಿಗೆ ಕ್ಲಿಪ್ಪು. ತೋಳಿಗೆ ಪಟ್ಟಿ. ಮತ್ತೆ ಬೆಂಚು.

ಹಜಾರದಲ್ಲೊಂದು ಗಾಜಿನ ತೊಟ್ಟಿ:
ನೀರಿದೆ, ಗುಳ್ಳೆಯಿದೆ, ಮೀನಿಲ್ಲ.
ಅವಳು ಹಣೆಯೊತ್ತಿ ನಿಂತು ‘ಪೆ’ ಅಂದಳು.
ಮೀನು ಅವಳ ಬಾಯಲ್ಲಿ ಪೆ. ಚಿಪ್ಪೂ ಪೆ, ಕಡಲಸಿಂಹವೂ ಪೆ,
ಸಂಜೆ ಬಾಗಿಲು ತಳ್ಳಿ ಒಳಬರುವ ನಾನೂ ಪೆ.
ಇಲ್ಲಿಲ್ಲ ಕಂದಾ, ಅಂದೆ. ಪೆ, ಅಂದಳು, ಇನ್ನೂ ಗಟ್ಟಿಯಾಗಿ,
ಅಡಗಿಸಿಟ್ಟವನು ನಾನೇ ಎಂಬಂತೆ.

ಹನ್ನೊಂದಕ್ಕೆ ಕರೆದರು. ಅತ್ತಳು.
ಅಳುವಾಗ ಲೆಕ್ಕ ಸಿಗುವುದಿಲ್ಲ, ಮಲಗಿಸಿಕೊಂಡು ಬನ್ನಿ, ಅಂದರು.
ಹಗಲು ಹನ್ನೊಂದಕ್ಕೆ, ಆ ಟ್ಯೂಬ್‌ಲೈಟಿನ ಕೆಳಗೆ ಮಲಗಿಸುವುದು!
ನಡೆದೆ. ಲಿಫ್ಟಿನಿಂದ ಔಷಧಿ ಕಿಟಕಿಗೆ, ಕಿಟಕಿಯಿಂದ ಲಿಫ್ಟಿಗೆ.
ನನಗೆ ಬರುವ ಹಾಡು ಎರಡೇ, ಎರಡೂ ಹೆಂಡದಂಗಡಿಯವು.
ಮೆಲ್ಲಗೆ ಹಾಡಿದರೆ ಅವೂ ಜೋಗುಳವೇ.
ಓಸೊರ್ನೊ ಕಡೆಯ ಮುದುಕಿಯೊಬ್ಬಳು, ಮೊಮ್ಮಗನ ತುಟಿಗೆ ಹೊಲಿಗೆ,
ಮೂರನೆಯ ಸುತ್ತಿಗೆ ಕಾಲು ಮಡಚಿ ದಾರಿ ಬಿಟ್ಟಳು,
ಆರನೆಯ ಸುತ್ತಿಗೆ ಪಲ್ಲವಿ ಗೊಣಗತೊಡಗಿದಳು.

ಕತ್ತಲೆ ಕೋಣೆ. ಬೆಚ್ಚಗೆ ಮಾಡಿದ ಅಂಟು ಎದೆಯ ಮೇಲೆ.
ಈ ಪರದೆ ನನಗೆ ಗೊತ್ತು.
ನನ್ನ ದೋಣಿಯಲ್ಲೂ ಒಂದಿದೆ, ಇದರ ಬಡ ತಮ್ಮ:
ಸದ್ದು ಕೆಳಗಿಳಿಯುತ್ತದೆ, ತಳ ಮುಟ್ಟಿ ಮರಳುತ್ತದೆ,
ಇದು ಕಲ್ಲು, ಇದು ಪಾಚಿ, ಇದು ಮೆರ್ಲುಸಾದ ಹಿಂಡು ಅಂತ
ಅರೆನಿದ್ದೆಯಲ್ಲೂ ಹೇಳಬಲ್ಲೆ.
ಇಲ್ಲಿ ಕೆಂಪು, ನೀಲಿ,
ಗಾಳಿಗೆ ಸಿಕ್ಕ ಹಿತ್ತಿಲ ಬಾಗಿಲಿನಂತೆ ಏನೋ ಒಂದು
ಬಡಿಯುತ್ತಿದೆ, ಬಡಿಯುತ್ತಲೇ ಇದೆ.
ದೋಣಿಗೆ ತೂತಾಗಿದ್ದರೆ ಸೆಣಬು ತುರುಕಿ, ಡಾಂಬರು ಬಳಿದು,
ಮಧ್ಯಾಹ್ನಕ್ಕೆ ನೀರಿಗಿಳಿಸುತ್ತಿದ್ದೆ.
ಡಾಕ್ಟರ್ ಮರ್ಡೊನೆಸ್ ಮಾತಾಡಲಿಲ್ಲ.
ಆ ಇಪ್ಪತ್ತು ನಿಮಿಷ ನಾನು ಅವಳ ಹುಬ್ಬನ್ನೇ ನೋಡುತ್ತಿದ್ದೆ,
ಬಲೆ ಹಾಕುವ ಮುಂಚೆ ಆಕಾಶ ನೋಡುವ ಹಾಗೆ.

ನಾಲ್ಕು, ಅಂದಳು ಕೊನೆಗೆ. ಹೋದ ಸಲ ಆರಿತ್ತು.
ತಾನಾಗಿಯೇ ಮುಚ್ಚಿಕೊಳ್ಳಬಹುದು. ಮುಚ್ಚದೆಯೂ ಇರಬಹುದು.
ಆರು ತಿಂಗಳು ಬಿಟ್ಟು ಬನ್ನಿ.
ನಾಲ್ಕು ಮಿಲಿಮೀಟರ್!
ಹಗ್ಗಕ್ಕೆ ಕಟ್ಟುವ ಚಿಪ್ಪಿನ ಮರಿಯೂ ಅದಕ್ಕಿಂತ ದೊಡ್ಡದಿರುತ್ತದೆ,
ಅಷ್ಟು ಸಣ್ಣದು ಕೈಗೆ ಬಂದರೆ ನೀರಿಗೇ ಬಿಡುತ್ತೇವೆ.

ಯಾಸ್ನಾಗೆ ಫೋನು ಮಾಡಿ ಅಷ್ಟೇ ಹೇಳಿದೆ: ನಾಲ್ಕು.
ಆ ಕಡೆ ಯಂತ್ರದ ಸದ್ದು, ನೀರಿನ ಸದ್ದು,
ಆಮೇಲೆ ಯಾರೋ ಅವಳನ್ನು ಹೆಸರು ಹಿಡಿದು ಕೂಗಿದರು.
ಕಣ್ಣೊರೆಸಿಕೊಂಡಿದ್ದರೆ, ಕೈಗವಸಿನಲ್ಲೇ ಇರಬೇಕು.

ಸಂಜೆಯ ಹಡಗು. ಅಂಗಿ ಬದಲಿಸುವಾಗ ಎದೆಯ ಮೇಲೆ
ಒಣಗಿದ ಅಂಟಿನ ಚೂರು, ಮೀನಿನ ಪೊರೆಯಷ್ಟು ತೆಳು.
ಉಗುರಿನಿಂದ ಎಬ್ಬಿಸಿದೆ. ಕಚಗುಳಿಯಾಗಿ ನಕ್ಕಳು.
ಚೀಲಕ್ಕೆ ಕೈ ಹಾಕಿದೆ: ಫೈಲು ಇದೆ. ಬಾಟಲಿ ಇದೆ. ಒಂದೇ ಡೈಪರು.
ಮೊಲ?
ತಳದವರೆಗೂ ತಡಕಿದೆ. ಜೇಬು, ಸೀಟಿನ ಸಂದು, ಸುಯಾಯ್‌ಳ ಬೆನ್ನ ಹಿಂದೆ.
ಆ ಕತ್ತಲೆ ಕೋಣೆಯ ಮಂಚದ ಮೇಲೆ ಬಿದ್ದಿರಬೇಕು,
ಇರುವ ಒಂದು ಕಿವಿಯನ್ನು ಪರದೆಯ ಕಡೆಗಿಟ್ಟುಕೊಂಡು.

ಆರು ತಿಂಗಳಿಗೆ ಹೇಗೂ ಹೋಗಬೇಕಲ್ಲ, ಸರಿ.
ಇವತ್ತು ರಾತ್ರಿಗೆ ಏನು ಹೇಳಲಿ?