ಮೂರು ಮೈಕ್ರಾನ್

ಸ್ಟೋಕ್‌ನಲ್ಲಿ ಯಾರ ಮನೆಗೆ ಹೋದರೂ
ತಟ್ಟೆ ಮಗುಚಿ ಬೆನ್ನು ನೋಡುತ್ತಾರೆ:
ಯಾವ ಕಾರ್ಖಾನೆ, ಯಾವ ಭಟ್ಟಿ, ಯಾರ ಮುದ್ರೆ.
ನಿನ್ನ ಮಣ್ಣಿಗೆ ಬಂದ ಮೂವತ್ತು ಜನ, ಗ್ಲೆನಿಸ್,
ಒಬ್ಬೊಬ್ಬರಾಗಿ ಸಾಸರು ಎತ್ತಿ ಕೆಳಗಿಣುಕಿದರು.
ನನಗೆ ನಗು ಬಂತು. ಅಳು ಅಲ್ಲಿ ಬರಲಿಲ್ಲ.

ಮಣ್ಣಿಗೆ ಹೋಗುವುದು ಅಂತೀವಿ ನಮ್ಮ ಕಡೆ.
ಒಮ್ಮೆ ಅದನ್ನು ನಿನಗೆ ಬಿಡಿಸಿ ಹೇಳಿದ್ದೆ.
‘ನಮ್ಮಮ್ಮ ನಲವತ್ತು ವರ್ಷ ಹೋದಳಲ್ಲ,
ದಿನಾ ಏಳೂವರೆಗೆ, ಬುತ್ತಿ ಕಟ್ಟಿಕೊಂಡು’ ಅಂದೆ,
ಬರ್ಸ್ಲೆಮ್ಮಿನ ಜೇಡಿಮಣ್ಣಿನ ಹುಡುಗಿ.

ಮೊದಲ ದಿನ ನನ್ನನ್ನು ‘ಡಕ್’ ಅಂದೆ.
ಬಾತುಕೋಳಿ! ನನ್ನ ನಡಿಗೆ ನೋಡಿ ಆಡಿಕೊಂಡಳೆಂದು
ವಾರವಿಡೀ ನೆಟ್ಟಗೆ ನಡೆದೆ.
ಶುಕ್ರವಾರ ನೀನು ಸರ್ಜನ್‌ಗೂ ಡಕ್ ಅಂದೆ,
ಕೊರಿಯರ್ ಹುಡುಗನಿಗೂ,
ಕೆಟ್ಟುನಿಂತ ಫ್ರಿಜ್ಜಿಗೂ.

ಉಳಿದವರು ‘ಪ್ಯಾಮ್’ ಅಂದು ಕೈ ತೊಳೆದುಕೊಂಡರು.
ನೀನು ಮಾತ್ರ ಕೈಗವಸಿನ ಡಬ್ಬಿಯ ರಟ್ಟು ಹರಿದು
ಅದರ ಮೇಲೆ ಬರೆಸಿಕೊಂಡು ಹೋಗಿ
ಸೋಮವಾರ ಬಂದವಳೇ ಪಂಪಾವತಿ ಎಂದು ಕರೆದೆ,
ತಪ್ಪಾಗಿ, ಆದರೆ ಪೂರ್ತಿಯಾಗಿ.

ಅಲಗು ಹೀಗೆ. ಚಕ್ರ ಹೀಗೆ.
ಮೇಣದ ಬಿಲ್ಲೆಯೊಳಗೆ ಯಾರದೋ ಕರುಳು, ಯಾರದೋ ಎದೆ,
ಕಡಲೆಕಾಳಿನಷ್ಟು ಯಾರದೋ ಭಯ.
ಮೂರು ಮೈಕ್ರಾನ್ ದಪ್ಪ.
ಅದರ ಮುಂದೆ ಈರುಳ್ಳಿ ಸಿಪ್ಪೆ ಕಂಬಳಿ.
‘ಕೊಯ್ಯುವಾಗ ಉಸಿರು ಹಿಡಿ, ಡಕ್,
ಹಾರಿಹೋಗುತ್ತಾರೆ ಜನ.’

ಶನಿವಾರದ ಪಾಳಿಗೆ ನೀನು ತರುತ್ತಿದ್ದದ್ದು,
ತೂತು ತೂತು, ಮಡಚಿ, ಒಳಗೆ ಚೀಸ್.
ದೋಸೆ ಅಂದೆ.
ಓಟ್‌ಕೇಕ್ ಅಂದೆ.
ಹತ್ತೊಂಬತ್ತು ವರ್ಷ ತೀರ್ಮಾನವಾಗಲಿಲ್ಲ.

ನಮ್ಮವರದೇ ತುಣುಕಾದರೆ
ಬೇರೆ ಊರಿನ ಲ್ಯಾಬಿಗೆ ಕಳಿಸಬೇಕು, ರೂಢಿ.
ನೀನು ಫಾರಂ ಎರಡು ಮಾಡಿ ಹರಿದೆ.
‘ಪಂಪಾವತಿ ಕೊಯ್ಯಲಿ. ಅವಳ ಕೈ ನಡುಗುವುದಿಲ್ಲ.’

ನಡುಗಿತು, ಗ್ಲೆನಿಸ್.
ಮೊದಲನೆಯ ಪಟ್ಟಿ ಹರಿಯಿತು. ಎರಡನೆಯದು ಸುಕ್ಕಾಯಿತು.
ಮೂರನೆಯದನ್ನು ಬೆಚ್ಚನೆಯ ನೀರ ಮೇಲೆ ತೇಲಿಬಿಟ್ಟು
ಗಾಜಿನ ಮೇಲೆ ಎತ್ತಿಕೊಂಡೆ.
ಬಣ್ಣ ಕುಡಿಸಿದೆ, ನೇರಳೆ, ಆಮೇಲೆ ಗುಲಾಬಿ.
ಓದುವ ಅಧಿಕಾರ ನನ್ನದಲ್ಲ, ಅದಕ್ಕೆ ಡಾಕ್ಟರಿದ್ದಾರೆ.
ಆದರೆ ಇಷ್ಟು ವರ್ಷ ಕಾಗದ ಹಂಚಿದ ಅಂಚೆಯವನಿಗೆ
ಲಕೋಟೆ ಮುಟ್ಟಿದರೇ ತಿಳಿಯುತ್ತದಲ್ಲ.

ಕಣ್ಣೆತ್ತಿದರೆ ನೀನು ಬಾಗಿಲಲ್ಲಿ,
ಎರಡೂ ಕೈಯಲ್ಲಿ ಚಹಾ.
‘ಸೆಕ್ಷನ್ ಚೆನ್ನಾಗಿ ಬಂತಾ?’ ಅಂದೆ.
‘ಚೆನ್ನಾಗಿ ಬಂತು’ ಅಂದೆ.
ಆ ವಿಷಯ ನಾವು ಆಡಿದ್ದು ಅಷ್ಟೇ.

ನಿನ್ನ ಮಗ್ ಇನ್ನೂ ಕಿಟಕಿಯಲ್ಲಿದೆ.
ಕಾರ್ಖಾನೆಯಲ್ಲಿ ಎರಡನೇ ದರ್ಜೆಯೆಂದು ತಳ್ಳಿದ ಮಾಲು,
ನಿಮ್ಮಮ್ಮ ಬಣ್ಣ ಹಾಕಿ, ತಾನೇ ಸೋವಿಗೆ ಕೊಂಡು ತಂದದ್ದು.
ಒಳಗೆ ಚಹಾದ ಬಳೆ ಒಣಗಿದೆ. ಯಾರೂ ತೊಳೆಯುವುದಿಲ್ಲ,
ನಾನೂ.
ನಿನ್ನೆ ಮಗುಚಿ ನೋಡಿದೆ, ಈ ಊರಿನವಳ ಹಾಗೆ.
ಕಂಪನಿಯ ಹೆಸರು ಮಾಸಿತ್ತು.
ಪಕ್ಕದಲ್ಲಿ ಕುಂಚದ ತುದಿಯಿಂದ ಇಟ್ಟ
ಒಂದು ನೀಲಿ ಚುಕ್ಕೆ ಮಾತ್ರ, ಆಕೆಯ ರುಜು.

ಈ ಹೊತ್ತು ರಾತ್ರಿ ಪಾಳಿ. ಹೊರಗೆ ಮಂಜು,
ಪಾರ್ಕಿಂಗಿನ ದೀಪಗಳಿಗೆ ಉಣ್ಣೆ ಸುತ್ತಿದಂತಿದೆ.
ಅಲಗಿನ ಹತ್ತಿರ ಬಾಗಿದ್ದಾಗ ಅದು ಬಂತು,
ಅಂದು ಸಾಸರುಗಳ ನಡುವೆ ಬಾರದೆ ಉಳಿದದ್ದು,
ಹೆಸರು ಗೊತ್ತಿಲ್ಲದವರ ಪಟ್ಟಿಯೊಂದು
ಹಾರಿ ಬಂದು ನನ್ನ ತೋಳಿಗಂಟಿತು.

ಉಸಿರು ಹಿಡಿ, ಡಕ್, ಅಂದೆ.

ಕೋಣೆಯಲ್ಲಿ ಯಾರೂ ಇರಲಿಲ್ಲ.
ಅಂದೆ: ನಾನೋ, ನೀನೋ,
ನನ್ನ ಭಾಷೆಯಲ್ಲಿ ಗೊತ್ತಾಗುವುದಿಲ್ಲ.