ಬೇಟಾ ಟೂ

ದುರ್ಗಿಗುಡಿಯಲ್ಲಿ, ಬನಿಯನ್ ಅಂಗಡಿಯ ಮಹಡಿ ಮೇಲೆ
ಫ್ಲೇವಿಯಾ ಮೇಡಂ ಕಂಪ್ಯೂಟರ್ ಸೆಂಟರು.
ಹಗಲು ಟ್ಯಾಲಿ ಕ್ಲಾಸು, ರಾತ್ರಿ ಎಂಟರ ಮೇಲೆ ಬಾಹ್ಯಾಕಾಶದ ಯುದ್ಧ;
ಗಂಟೆಗೆ ಹನ್ನೆರಡು ರೂಪಾಯಿ,
ಚಪ್ಪಲಿ ಹೊರಗೆ.

ಮೆಗ್ಗಾನ್ ಆಸ್ಪತ್ರೆ ಗೇಟಿನ ಆಟೋ ಸ್ಟ್ಯಾಂಡಿನಿಂದ
ತಿಪ್ಪೋಜಿ ಬರುತ್ತಿದ್ದ, ಖಾಕಿ ಅಂಗಿಯಲ್ಲೇ.
ನೌಕೆ ಎಡಕ್ಕೆ ಹೊರಳಿದರೆ ಕುರ್ಚಿಯಲ್ಲಿ ತಾನೂ ವಾಲಿ
ಎಡಗೈ ಹೊರಚಾಚುವನು,
ಹಿಂದೆ ಬರುವ ನಕ್ಷತ್ರಗಳಿಗೆ ಗೊತ್ತಾಗಲೆಂದು.

ನಾನು ಪಕ್ಕದ ಸ್ಟೂಲಿನಲ್ಲಿ:
ಕವಚ ನನ್ನದು, ಇಂಧನ ನನ್ನದು, ಇಂಗ್ಲಿಷೂ ನನ್ನದು.
ಅವನಿಗೆ ಬಣ್ಣ ಸಾಕು. ಕೆಂಪು ಕಂಡರೆ ನುಗ್ಗು,
ಹಸಿರು ಕಂಡರೆ ಬಿಡು, ನಮ್ಮವನು.
'ಗೋಪಿ ಸರ್ಕಲ್ ಸಿಗ್ನಲ್ ಉಲ್ಟಾ ಹಾಕ್ದಂಗೆ' ಎನ್ನುವನು.

ಜೊತೆಗೊಂದು ಹಸಿರು ನೌಕೆ, ಕಂಪ್ಯೂಟರೇ ನಡೆಸುವುದು.
ಒಡಕು ಸ್ಪೀಕರಿನಲ್ಲಿ ಗೊರಗೊರ ಅದರ ಹೆಸರು: ಬೇಟಾ ಟೂ.
'ಬೇಟಾನಾ?' ಎಂದ ತಿಪ್ಪೋಜಿ.
ಅದು ಗ್ರೀಕ್ ಅಕ್ಷರ ಅನ್ನಲು ಬಾಯಿ ತೆರೆದೆ.
ಅನ್ನಲಿಲ್ಲ.

ಒಂಬತ್ತನೇ ಕಾರ್ಯಾಚರಣೆ. ಔಷಧದ ಹಡಗು ಐದು, ದಾಟಿಸಬೇಕು.
ಮೂರನೇ ನಿಮಿಷಕ್ಕೆ ಬೇಟಾ ಟೂಗೆ ಏಟು.
ಪರದೆಯ ಕೆಳಗೆ ಹಳದಿ ಅಕ್ಷರ.
'ಏನಂತೆ?'
'ನನ್ನ ಬಿಡು, ನೀನು ಹೋಗು ಅಂತಾನೆ.'
'ಹುಚ್ಚ ಮುಂಡೇದು.'
ಕೈ ಚಾಚಿದ, ನೌಕೆ ತಿರುಗಿಸಿದ.
ಬೆನ್ನ ಹಿಂದೆ ಐದೂ ಹಡಗು ಉರಿದವು.
ಇನ್ನೊಂದು ಹನ್ನೆರಡು ರೂಪಾಯಿ.

ಯುಗಾದಿಯಿಂದ ದಸರಾವರೆಗೂ ಅದೇ ಒಂಬತ್ತು.
ಹುಡುಗರು ಇಪ್ಪತ್ತೂ ಮುಗಿಸಿ ಬೇರೆ ಆಟ ಹಿಡಿದರು.
ಕರೆಂಟು ಹೋಗಿ ಯುಪಿಎಸ್ ಕೂಗುತ್ತಿದ್ದರೂ ಅವನದು ಒಂದೇ ಮಾತು:
'ಮೀಟರ್ ಓಡ್ತಾ ಇರುತ್ತೆ, ಓಡ್ಲಿ.'

ಒಂದು ರಾತ್ರಿ ನನಗೇ ಸಾಕಾಗಿ ಸುಳ್ಳು ಹೇಳಿದೆ:
'ಏನೂ ಆಗಿಲ್ವಂತೆ, ಹಿಂದೇನೇ ಬರ್ತಾನಂತೆ.'
ತಿಪ್ಪೋಜಿ ಹಳದಿ ಅಕ್ಷರ ನೋಡಿದ.
ನನ್ನ ಮುಖ ನೋಡಿದ.
ತಿರುಗಿಸಿದ.

ಮೊನ್ನೆ ಆ ಆಟ ಫೋನಿನಲ್ಲೇ ಸಿಕ್ಕಿತು, ಪುಕ್ಕಟೆ.
ಬಸ್ ಸ್ಟ್ಯಾಂಡಿನ ಸಿಮೆಂಟು ಬೆಂಚಿನಲ್ಲಿ ಕೂತು
ಒಂಬತ್ತನೆಯದನ್ನು ಆದೇಶದಂತೆ ಆಡಿದೆ, ನೇರ, ಎಲ್ಲೂ ತಿರುಗದೆ.
ಹಡಗು ಐದೂ ದಾಟಿದವು.
ಹಿಂದೆ ನಾಲ್ಕು ಸೆಕೆಂಡು ಗೊರಗೊರ,
ಆಮೇಲೆ ಬರೀ ಎಂಜಿನ್ನು.
ಪದಕ ಬಂತು, ನೀಲಿ ರಿಬ್ಬನ್ನಿನದು. ಅದು ಇಷ್ಟು ಚಿಕ್ಕದೆಂದು
ನನಗೆ ಗೊತ್ತೇ ಇರಲಿಲ್ಲ.

ಆಟೋ ಹತ್ತಿದೆ. ಡ್ರೈವರ್ ಯಾರೋ ಎಳೆಯ ಹುಡುಗ,
ಇಂಡಿಕೇಟರ್ ಹಾಕಿದ, ಟಿಕ್ ಟಿಕ್.
ಗೋಪಿ ಸರ್ಕಲ್ಲಿನಲ್ಲಿ ಎಡಕ್ಕೆ ಹೊರಳುವಾಗ
'ಸಾರ್, ಕೈ ಒಳಗೆ' ಎಂದ.